ಶಾಲು ಹೊದ್ದ ಕಂಪ್ಯೂಟರ್

ಮಧ್ಯಾಹ್ನದ ಬಿಸಿಲಿಗೆ ಕಚೇರಿಯ ಫೈಲುಗಳೂ ತೂಕಡಿಸುತ್ತಿದ್ದವು. ಸಾಹೇಬರ ಕಂಪ್ಯೂಟರ್ ಅಂತೂ ಗುಂಡಿ ಒತ್ತಿದರೆ ಗುರ್ ಎಂದು ಮತ್ತೆ ಮಲಗುತ್ತಿತ್ತು.

“ರೀ, ಸಂಜೆಯೊಳಗೆ ಸರಿಮಾಡಿ. ಇಲ್ಲದಿದ್ದರೆ ನಿಮಗೆ ವರ್ಗಾವಣೆ!” ಎಂದರು ಸಾಹೇಬರು ಗುಮಾಸ್ತನಿಗೆ.

ಗುಮಾಸ್ತ ಸಿಪಿಯು ಮುಟ್ಟಿ ನೋಡಿದ. ಕಾದ ಕಾವಲಿ! ಸಾಹೇಬರು ತಮ್ಮ ಸನ್ಮಾನದ ಶಾಲನ್ನು, ಬಂದವರಿಗೆಲ್ಲ ಕಾಣಲೆಂದು, ಅದಕ್ಕೇ ಹೊದಿಸಿದ್ದರು. ಗಾಳಿಯ ಕಿಂಡಿಗಳೆಲ್ಲ ಮುಚ್ಚಿದ್ದವು. ಆದರೆ ಸಾಹೇಬರ ತಪ್ಪೆಂದು ಹೇಳುವುದು ಹೇಗೆ?

“ಸಾರ್, ನಮ್ಮ ಕಚೇರಿಯಲ್ಲಿ ಶಾಲು ಹೊದಿಸುವುದು ನಿವೃತ್ತರಾದವರಿಗೆ. ಪಾಪ, ಇದೂ ತನಗೆ ನಿವೃತ್ತಿಯಾಯಿತು ಅಂದುಕೊಂಡಿದೆ.”

ಸಾಹೇಬರು ನಕ್ಕು, ಶಾಲು ತೆಗೆದು ತಾವೇ ಹೊದ್ದು ಕುರ್ಚಿಗೆ ಒರಗಿದರು. ಅರ್ಧ ಗಂಟೆ ಗಾಳಿಯಾಡಿದ ಮೇಲೆ ಕಂಪ್ಯೂಟರ್ ಕಣ್ಣು ತೆರೆಯಿತು.

“ಎದ್ದಿತು ಸಾರ್! ವರ್ಗಾವಣೆ ಆದೇಶ ಟೈಪ್ ಮಾಡಲೇ?”

ಶಾಲಿನೊಳಗೆ ಸಾಹೇಬರು ಸಣ್ಣಗೆ ಗೊರಕೆ ಹೊಡೆಯುತ್ತ ನಿವೃತ್ತರಾಗಿದ್ದರು.