ನಾಲ್ಕು ಮೂಲೆಯ ಬಿರಡೆ

“ಗುರುಗಳೇ, ಒಬ್ಬರ ಮನಸ್ಸು ಗಟ್ಟಿಯಾಗಿ ಮುಚ್ಚಿಕೊಂಡುಬಿಟ್ಟರೆ ಅದನ್ನು ತೆರೆಯುವ ಉಪಾಯ ಯಾವುದು?” ಎಂದು ಶಿಷ್ಯ ಬಸಲಿಂಗ ಕೇಳಿದ.

“ಯಾರ ಮನಸ್ಸು?” ಎಂದರು ಗುರುಗಳು.

“ನನ್ನ ಅಣ್ಣನದು. ನನ್ನೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಮೂರು ಪತ್ರ ಬರೆದೆ. ಊರಿನ ಹಿರಿಯರಿಬ್ಬರನ್ನು ಕಳಿಸಿದೆ. ಹಬ್ಬಕ್ಕೆ ಅತ್ತಿಗೆಗೆ ಸೀರೆ ಕಳಿಸಿದೆ. ಅವನು ಯಾವುದಕ್ಕೂ ಬಗ್ಗಲಿಲ್ಲ. ಇನ್ನೇನು ಕಳಿಸಲಿ, ನೀವೇ ಹೇಳಿ.”

ಗುರುಗಳು ಕಟ್ಟೆಯ ಮೇಲೆ ಸ್ವಲ್ಪ ಸರಿದು ಅವನಿಗೂ ಜಾಗ ಮಾಡಿಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಹೊಳೆಸೀಮೆಯ ಒಂದು ಊರಿನಲ್ಲಿ ಹುಲಿಗೆಮ್ಮ ಎಂಬ ಹೆಂಗಸು ಇದ್ದಳು. ಬಲೆ ಹೆಣೆಯುವವರ ಮನೆಯವಳು. ಆ ಊರಿನ ಕೆರೆಯಲ್ಲಿ ಮೀನು ಸಾಕುವ ಹಕ್ಕು ಬಹಳ ವರ್ಷ ಒಬ್ಬ ಗುತ್ತಿಗೆದಾರನ ಕೈಯಲ್ಲಿತ್ತು. ಹುಲಿಗೆಮ್ಮನೂ ಸೇರಿ ಊರಿನ ಹದಿನಾರು ಹೆಂಗಸರು ಒಂದು ಸಂಘ ಕಟ್ಟಿದರು. ಕಚೇರಿಯಿಂದ ಕಚೇರಿಗೆ ಅಲೆದು ಆ ಹಕ್ಕನ್ನು ತಮ್ಮ ಸಂಘದ ಹೆಸರಿಗೆ ಬರೆಸಿಕೊಂಡರು. ಗುತ್ತಿಗೆದಾರ ನಕ್ಕ. “ಕೆರೆ ಸಿಕ್ಕರ ಆತೇನು? ಮರಿ ತರಾವ್ರು ಯಾರು?” ಎಂದ.

ಅವನು ಹೇಳಿದ್ದರಲ್ಲಿ ಹುರುಳಿತ್ತು. ಬಾಡಿಗೆ ಗಾಡಿಯವರೆಲ್ಲ ಅವನ ಕಡೆಯವರು. ಮೀನುಮರಿ ತರಲು ಒಬ್ಬರೂ ಬರಲಿಲ್ಲ. ಕೊನೆಗೆ ಸಂಘದವರೇ ಒಂದು ಹಳೆಯ ಪಿಕಪ್ ಗಾಡಿ ಕೊಂಡರು. ಹುಲಿಗೆಮ್ಮ ತನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ ಅದನ್ನು ಓಡಿಸಲು ಕಲಿತಳು. ಕಲಿಯುವಾಗ ಎರಡು ಸಲ ಬೇಲಿಗೆ ನುಗ್ಗಿಸಿದಳು. ಮೂರನೆಯ ಸಲ ನುಗ್ಗಿಸಲಿಲ್ಲ.

ಅಣೆಕಟ್ಟಿನ ಹತ್ತಿರ ಮೀನುಮರಿ ಬೆಳೆಸುವ ಕೇಂದ್ರವೊಂದಿತ್ತು. ಅಲ್ಲಿ ಆ ವರ್ಷದ ಕೊನೆಯ ಮರಿಗಳು ಸಿದ್ಧವಾದ ಸುದ್ದಿ ಬಂತು. ಹುಲಿಗೆಮ್ಮ ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿದ್ದಳು. ಜೊತೆಗೆ ಸಂಘದ ಹಿರಿಯಳು ಯಂಕಮ್ಮ ಬಂದಿದ್ದಳು. ನಲವತ್ತು ಪ್ಲಾಸ್ಟಿಕ್ ಚೀಲಗಳನ್ನು ಗಾಡಿಗೆ ಏರಿಸಿದರು. ಒಂದೊಂದರಲ್ಲೂ ಮೂರರಲ್ಲೊಂದು ಪಾಲು ನೀರು, ಮಿಕ್ಕ ಜಾಗದಲ್ಲಿ ಆಮ್ಲಜನಕ, ನೀರಿನಲ್ಲಿ ಬೆರಳುದ್ದದ ಮರಿಗಳು.

“ಮಧ್ಯಾಹ್ನ ಹನ್ನೆರಡರೊಳಗೆ ಕೆರೆ ಮುಟ್ಟಿಸಿ. ನೀರು ಬಿಸಿಯಾದರೆ ಮರಿ ಉಳಿಯುವುದಿಲ್ಲ. ಈ ವರ್ಷ ಮತ್ತೆ ಕೇಳಿದರೂ ಇಲ್ಲ,” ಎಂದರು ಕೇಂದ್ರದವರು.

ಯಂಕಮ್ಮ ಚೀಲಗಳ ನಡುವೆ ಕುಳಿತಳು. ಗಾಡಿ ಹೊರಟಿತು.

ಅರ್ಧ ದಾರಿ ಕಳೆಯುವಷ್ಟರಲ್ಲಿ ಗಾಡಿಯ ಹಿಂಭಾಗದಿಂದ ಒಂದು ಸದ್ದು ಶುರುವಾಯಿತು. ಮೊದಲು ಗುಂಯ್ ಎಂದಿತು. ಆಮೇಲೆ ಅರಚತೊಡಗಿತು. ವೇಗ ಹೆಚ್ಚಿಸಿದರೆ ಸದ್ದೂ ಹೆಚ್ಚಿತು. ರಸ್ತೆ ಕೂಡುವ ಕಡೆ ಒಂದು ಗ್ಯಾರೇಜು ಕಂಡಿತು. ಹುಲಿಗೆಮ್ಮ ಗಾಡಿಯನ್ನು ಅದರ ಮುಂದಿನ ನೆರಳಿಗೆ ತಂದು ನಿಲ್ಲಿಸಿದಳು. ಆಗ ಎಂಟೂಕಾಲು.

ಗ್ಯಾರೇಜಿನ ಮೇಸ್ತ್ರಿ ಪಳಗಿದವನು. ಗಾಡಿಯ ಕೆಳಗೆ ನುಸುಳಿ ನೋಡಿದ. ಹಿಂದಿನ ಎರಡು ಚಕ್ರಗಳ ನಡುವೆ ಗಡಿಗೆಯಷ್ಟು ದಪ್ಪದ ಕಬ್ಬಿಣದ ಉಬ್ಬು ಇರುತ್ತದೆ. ಅದನ್ನು ಡಿಫರೆನ್ಷಿಯಲ್ ಎನ್ನುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳು ಅದರೊಳಗೆ ಎಣ್ಣೆಯಲ್ಲಿ ತಿರುಗುತ್ತವೆ. ಆ ಎಣ್ಣೆ ತಿಂಗಳುಗಟ್ಟಲೆ ಹನಿಹನಿಯಾಗಿ ಸೋರಿ, ತಳ ಕಂಡಿತ್ತು.

“ಹಿಂಗ ಓಡಿಸಿದ್ರ ಒಳಗಿನ ಹಲ್ಲು ಸುಟ್ಟು ಹೋಗ್ತಾವವ್ವ,” ಎಂದ ಮೇಸ್ತ್ರಿ. “ಚಿಂತಿ ಬ್ಯಾಡ. ಬಿರಡೆ ಬಿಚ್ಚಿ ಎಣ್ಣಿ ತುಂಬಿದ್ರ ಆರಾಮ ಊರು ಮುಟ್ಟತೀರಿ. ಕಾಲು ತಾಸಿನ ಕೆಲಸ.”

ಎಣ್ಣೆ ತುಂಬುವ ತೂತನ್ನು ಮುಚ್ಚಿದ ತಿರುಪಿನ ಬಿರಡೆ ಆ ಉಬ್ಬಿನ ಪಕ್ಕದಲ್ಲಿತ್ತು. ಸ್ಪ್ಯಾನರ್ ಹಾಕಿ ಹಿಡಿಯಲು ಅದಕ್ಕೆ ಹೊರಗೆ ತಲೆ ಇರಲಿಲ್ಲ. ನಡುವೆ ಒಂದು ಕುಳಿ ಇತ್ತು, ಅಷ್ಟೇ. ಆ ಕುಳಿಯೊಳಗೆ ಕೀಲಿ ಕೂರಿಸಿ ತಿರುವಬೇಕು. ವರ್ಷಗಳ ಕೆಸರೂ ಜಿಡ್ಡೂ ಅದರಲ್ಲಿ ತುಂಬಿ ಗಟ್ಟಿಯಾಗಿದ್ದವು. ಮೇಸ್ತ್ರಿ ಅದರ ಮೇಲೆ ಹೆಬ್ಬೆರಳು ಆಡಿಸಿ, “ಅಲನ್ ಕೀ,” ಎಂದ. ಆರು ಮೂಲೆಯ ಉಕ್ಕಿನ ಕೀಲಿ ಅದು. ಅವನು ಬಿಚ್ಚಿದ್ದ ಇಂಥ ಬಿರಡೆಗಳೆಲ್ಲ ಅದಕ್ಕೇ ಬಗ್ಗಿದ್ದವು.

ಕೀಲಿ ಇಟ್ಟು ಒತ್ತಿದ. ಜಾರಿತು. ಇನ್ನೂ ದಪ್ಪದ ಕೀಲಿ ತಂದು ಸುತ್ತಿಗೆಯಿಂದ ಹೊಡೆದು ಕೂರಿಸಿದ. ಅದೂ ಜಾರಿ, ಅವನ ಗೆಣ್ಣು ಹೋಗಿ ಕಬ್ಬಿಣಕ್ಕೆ ಬಡಿಯಿತು. ಅವನಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆ ಬಲವೂ ಬಂತು. ಹೊಡೆತದ ಸದ್ದು ಕೇಳಿ ನಾಲ್ಕು ಜನ ಸೇರಿದರು. ತನ್ನ ಸರದಿಗೆ ಕಾಯುತ್ತಿದ್ದ ಲಾರಿ ಚಾಲಕ ಒಂದು ಉದ್ದನೆಯ ಪೈಪು ತಂದು, ಕೀಲಿಗೆ ಅದನ್ನು ತೊಡಿಸಿ ಜಗ್ಗಬೇಕೆಂದ. ಜಗ್ಗಿದರು. ಕೀಲಿ ಬಾಗಿತು. ಬಿರಡೆ ಅಲ್ಲಾಡಲಿಲ್ಲ. ಪಕ್ಕದಂಗಡಿಯ ವೆಲ್ಡಿಂಗ್‌ನವನು ಬಂದು, ಬಿರಡೆಯ ಮೇಲೆ ಒಂದು ನಟ್ ಬೆಸೆದು ತಿರುವೋಣ ಎಂದ. ಆ ಹೊತ್ತಿಗೆ ಕರೆಂಟು ಇರಲಿಲ್ಲ. ಎಲ್ಲರ ಬಳಿಯೂ ಒಂದೊಂದು ಸಲಹೆ ಇತ್ತು. ಒಂದಕ್ಕಿಂತ ಒಂದು ಜೋರಿನದು.

ಹುಲಿಗೆಮ್ಮ ಗಾಡಿಗೂ ಜನಕ್ಕೂ ನಡುವೆ ಓಡಾಡುತ್ತಿದ್ದಳು. ನೆರಳು ಆಗಲೇ ಸರಿದುಹೋಗಿತ್ತು. ಯಂಕಮ್ಮ ಗೋಣಿತಾಟು ನೆನೆಸಿ ಚೀಲಗಳ ಮೇಲೆ ಹೊದಿಸುತ್ತಿದ್ದಳು. ಒಂದು ಚೀಲದ ಮರಿಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಹುಲಿಗೆಮ್ಮ ಆ ಚೀಲದ ಮೇಲೆ ಕೈಯಿಟ್ಟು ನೋಡಿದಳು. ನೀರು ಬೆಚ್ಚಗಾಗುತ್ತಿತ್ತು. ಇವು ಸತ್ತರೆ ಕೆರೆ ಒಂದು ವರ್ಷ ಬರಿದಾಗಿರುತ್ತದೆ. ಒಂದು ವರ್ಷ ಬರಿದಾದ ಕೆರೆಯನ್ನು ಊರವರು ಹೆಂಗಸರ ಕೈಯಲ್ಲಿ ಉಳಿಸುವುದಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಮೇಸ್ತ್ರಿ ಉಳಿ ಕೈಗೆತ್ತಿಕೊಂಡ. ಬಿರಡೆಯನ್ನು ಒಡೆದೇ ತೆಗೆಯುವುದೆಂದು ತೀರ್ಮಾನವಾಯಿತು. ಒಡೆದ ಚೂರು ಒಳಗೆ ಬಿದ್ದರೆ ಇಡೀ ಉಬ್ಬನ್ನು ಬಿಚ್ಚಬೇಕು, ಗಾಡಿ ಎರಡು ದಿನ ಅಲ್ಲೇ ನಿಲ್ಲಬೇಕು. ಅದನ್ನು ಅವನೇ ಹೇಳಿದ. ಬೇರೆ ದಾರಿ ಇಲ್ಲವೆಂದೂ ಹೇಳಿದ.

“ಅಣ್ಣಾ, ಒಂದ ಗಳಿಗಿ ತಡೀರಿ,” ಎಂದಳು ಹುಲಿಗೆಮ್ಮ. “ನಾನೊಮ್ಮೆ ಆ ಕುಳಿ ನೋಡ್ತೀನಿ.”

“ಎರಡು ತಾಸು ಆತು ನಾನು ಅದನ್ನ ನೋಡಾಕ ಹತ್ತಿ. ನೀವು ಹೊಸದಾಗಿ ಏನ್ ನೋಡ್ತೀರವ್ವ?”

“ನೀವು ನೋಡೀರಿ, ಖರೆ. ಆದ್ರ ನಿಮಗ ಕಂಡಿದ್ದು ಮಣ್ಣು. ಕುಳಿ ಇನ್ನೂ ಯಾರಿಗೂ ಕಂಡಿಲ್ಲ.”

ಲಾರಿ ಚಾಲಕ ನಕ್ಕುಬಿಟ್ಟ. ಮೇಸ್ತ್ರಿ ನಗಲಿಲ್ಲ. ಉಳಿಯನ್ನು ಕೆಳಗಿಟ್ಟು ಪಕ್ಕಕ್ಕೆ ಸರಿದ.

ಹುಲಿಗೆಮ್ಮ ಸೀರೆಯ ಸೆರಗು ಸಿಕ್ಕಿಸಿ ಗಾಡಿಯ ಕೆಳಗೆ ನುಸುಳಿದಳು. ಹರಿದ ಬಲೆಯನ್ನು ಸರಿಮಾಡುವಾಗ ಅವಳ ಕೈಗೆ ಒಂದು ರೂಢಿ ಇತ್ತು. ಮೊದಲು ಬಲೆಯನ್ನು ತೊಳೆಯುವುದು, ಆಮೇಲೆ ಬೆರಳಿನಿಂದ ಬಲೆಯ ಕಣ್ಣಿನ ಅಳತೆ ತೆಗೆಯುವುದು, ಆಮೇಲೆ ಸೂಜಿ ಆರಿಸುವುದು. ಅವಳಿಗೆ ಗಾಡಿಯ ವಿದ್ಯೆ ಗೊತ್ತಿರಲಿಲ್ಲ. ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಕುಳಿಯನ್ನು ಕೆದಕಿದಳು. ಕಪ್ಪು ಜಿಡ್ಡು ಉದುರಿ ಅವಳ ಕೆನ್ನೆಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ. ಮತ್ತೆ ಬಟ್ಟೆ ಅದ್ದಿದಳು, ಮತ್ತೆ ಕೆದಕಿದಳು. ಕುಳಿ ಎಲ್ಲರೂ ಎಣಿಸಿದ್ದಕ್ಕಿಂತ ಎರಡರಷ್ಟು ಆಳವಿತ್ತು. ಇಷ್ಟು ಹೊತ್ತು ಕೀಲಿಗಳು ಕುಳಿತದ್ದು ಮಣ್ಣಿನ ಮೇಲೆ.

ಕಿರುಬೆರಳನ್ನು ಒಳಗೆ ಇಳಿಸಿದಳು. ಅಂಚಿನಲ್ಲಿ ಲೋಹ ಸವೆದು ತರಚಿತ್ತು. ಆಳದಲ್ಲಿ ಮಾತ್ರ ಹೊಸದರಂತೆ ಇತ್ತು. ಒಂದು ಮೂಲೆ ಸಿಕ್ಕಿತು. ಎರಡನೆಯದು ಸಿಕ್ಕಿತು. ಮೂರು. ನಾಲ್ಕು. ಐದನೆಯದನ್ನು ಹುಡುಕಿದಳು. ಇರಲಿಲ್ಲ.

“ಅಣ್ಣಾ, ಇದಕ್ಕ ಆರು ಮೂಲಿ ಇಲ್ಲ. ನಾಲ್ಕು. ಇದು ಚೌಕ ಐತಿ.”

ಮೇಸ್ತ್ರಿ ಹಣೆ ಒತ್ತಿಕೊಂಡ. “ಚೌಕ ಕೀಲಿ ನನ್ನ ಹತ್ರ ಇಲ್ಲವ್ವ. ಪ್ಯಾಟಿಯಿಂದ ತರಿಸಬೇಕು. ಹೋಗಿ ಬರಾಕ ಮೂರು ತಾಸು.”

ಹುಲಿಗೆಮ್ಮ ಕಸಬರಿಗೆಯಿಂದ ಒಂದು ಕಡ್ಡಿ ಮುರಿದು, ಕುಳಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಾಗಿ ಕೂರುವಷ್ಟಕ್ಕೆ ಅದನ್ನು ಉಗುರಿನಿಂದ ಕತ್ತರಿಸಿದಳು. ಆ ತುಂಡನ್ನು ಹಿಡಿದು ಹೊರಗೆ ಬಂದಳು. ಗೋಣಿಚೀಲದ ಮೇಲೆ ಮೇಸ್ತ್ರಿಯ ಉಪಕರಣಗಳೆಲ್ಲ ಹರಡಿದ್ದವು. ಒಂದೊಂದನ್ನೇ ಎತ್ತಿ ಕಡ್ಡಿಗೆ ಹಿಡಿದು ನೋಡಿದಳು. ಉಳಿ ಚಪ್ಪಟೆ. ಸ್ಕ್ರೂ ಡ್ರೈವರ್ ಸಣ್ಣದು. ಹಾರೆಯ ತುದಿ ದಪ್ಪ. ಯಂಕಮ್ಮ ಗಾಡಿಯ ಮೇಲಿನಿಂದ, “ಲಗೂನ, ಹುಲಿಗೆವ್ವಾ,” ಎಂದು ಕೂಗಿದಳು.

ಆಗ ಸಾಕೆಟ್ ಹಿಡಿ ಕೈಗೆ ಬಂತು. ಮೊಳದುದ್ದದ ಉಕ್ಕಿನ ಹಿಡಿ. ಅದರ ತುದಿಗೆ ಬಟ್ಟಲಿನಂಥ ಸಾಕೆಟ್‌ಗಳನ್ನು ಸಿಕ್ಕಿಸಿ ನಟ್ ಬಿಚ್ಚುತ್ತಾರೆ. ನಟ್ ಸಣ್ಣದಾದರೆ ಸಣ್ಣ ಸಾಕೆಟ್, ದೊಡ್ಡದಾದರೆ ದೊಡ್ಡದು. ಅದರ ತುದಿಯಲ್ಲಿ ಯಾವುದಾದರೂ ಒಂದು ಸಾಕೆಟ್ ಯಾವಾಗಲೂ ಇದ್ದೇ ಇರುತ್ತಿತ್ತು. ಹುಲಿಗೆಮ್ಮ ಸಾಕೆಟ್‌ನ ಬಾಯಿ ಅಳೆದಳು. ಹೊಂದಲಿಲ್ಲ. ಬೇರೆಯದನ್ನು ಹಾಕಿ ನೋಡೋಣವೆಂದು ಅದನ್ನು ಕಿತ್ತಳು.

ಸಾಕೆಟ್ ಹೋದ ಮೇಲೆ ಹಿಡಿಯ ಬರಿ ಮೂತಿ ಉಳಿಯಿತು. ಅದು ಚೌಕವಾಗಿತ್ತು.

ಅವಳು ಕಡ್ಡಿಯನ್ನು ಅದರ ಮೇಲಿಟ್ಟಳು. ಒಂದು ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ.

ಮೇಸ್ತ್ರಿ ನೋಡಿದ. ತಲೆಯ ಮೇಲೆ ಕೈಯಿಟ್ಟುಕೊಂಡು ಗಟ್ಟಿಯಾಗಿ ನಕ್ಕ. “ಮುಂಜಾನಿಂದ ನಾಲ್ಕು ಸಲ ಇದನ್ನ ಈ ಕೈಯಾಗ ಹಿಡಿದೀನಲ್ಲವ್ವ!” ಎಂದ. ಹಿಡಿಯನ್ನು ಅವಳಿಂದ ಕಸಿದುಕೊಳ್ಳಲಿಲ್ಲ. “ನೀವ ತಿರುವ್ರಿ. ಪೂರಾ ಒಳಗ ಕೂಡ್ಲಿ. ಎಡಕ್ಕ ಜಗ್ರಿ,” ಎಂದ.

ಹುಲಿಗೆಮ್ಮ ಮತ್ತೆ ಕೆಳಗೆ ನುಸುಳಿದಳು. ಬರಿ ಮೂತಿಯನ್ನು ಕುಳಿಗೆ ಇಟ್ಟಳು. ಅದು ಸುತ್ತಿಗೆ ಕೇಳಲಿಲ್ಲ. ತಾನಾಗಿ ಒಳಗೆ ಇಳಿದು ಬುಡ ಮುಟ್ಟಿತು. ಕಾಲನ್ನು ಚಕ್ರಕ್ಕೆ ಒತ್ತಿ ಎರಡೂ ಕೈಯಿಂದ ಜಗ್ಗಿದಳು. ಏನೂ ಆಗಲಿಲ್ಲ. ಹಿಡಿ ಜಾರಲಿಲ್ಲ ಎನ್ನುವುದೇ ಅವಳಿಗೆ ಧೈರ್ಯ ಕೊಟ್ಟಿತು. ಇನ್ನೊಮ್ಮೆ ಜಗ್ಗಿದಳು. ಕಟ್ ಎಂದು ಒಂದು ಸಣ್ಣ ಸದ್ದಾಯಿತು. ಬಿರಡೆ ತಿರುಗಿತು. ಆಮೇಲಿನದು ಬೆರಳಿನ ಕೆಲಸ.

ಲಾರಿ ಚಾಲಕ ಸಿಳ್ಳು ಹೊಡೆದ. ಯಂಕಮ್ಮ ಗಾಡಿಯ ಮೇಲೆ ಎದ್ದುನಿಂತು ಕೈ ತಟ್ಟಿದಳು. ಮೇಸ್ತ್ರಿ ತೂತಿನ ಅಂಚಿನಿಂದ ಹನಿ ಹೊರಚೆಲ್ಲುವತನಕ ಎಣ್ಣೆ ತುಂಬಿದ. ಬಿರಡೆಯನ್ನು ತೊಳೆದು ಮತ್ತೆ ಬಿಗಿದ. ಹತ್ತೂವರೆಗೆ ಗಾಡಿ ರಸ್ತೆಗೆ ಬಿತ್ತು. ಹುಲಿಗೆಮ್ಮ ಕಿವಿಗೊಟ್ಟು ಕೇಳಿದಳು. ಹಿಂದಿನಿಂದ ಯಾವ ಸದ್ದೂ ಬರಲಿಲ್ಲ.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಅವಳು ಕೆರೆಯ ಏರಿ ಹತ್ತಿದಳು. ಸಂಘದ ಹೆಂಗಸರು ಮೊಳಕಾಲು ನೀರಿನಲ್ಲಿ ಸಾಲಾಗಿ ನಿಂತಿದ್ದರು. ಚೀಲಗಳು ಕೈಯಿಂದ ಕೈಗೆ ಇಳಿದವು. ಕೆರೆಯ ತಂಪು ಚೀಲದೊಳಗೆ ಇಳಿಯಲೆಂದು ಅವನ್ನು ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಬಿಟ್ಟರು. ಆಮೇಲೆ ಒಂದೊಂದರ ಬಾಯಿ ಬಿಚ್ಚಿದರು. ಎರಡು ಚೀಲದ ಮರಿಗಳು ಸತ್ತಿದ್ದವು. ಮೂವತ್ತೆಂಟು ಚೀಲದ ಮರಿಗಳು ಬೆಳ್ಳಗೆ ಮಿಂಚಿ ಆಳಕ್ಕೆ ಹೊರಟುಹೋದವು. ಹುಲಿಗೆಮ್ಮನ ಮುಖದ ತುಂಬ ಕಪ್ಪು ಜಿಡ್ಡು ಇತ್ತು. ಹೆಂಗಸರು ಅವಳನ್ನು ಹಾಗೇ ಎತ್ತಿಕೊಂಡು ಕುಣಿದರು. ಎಲ್ಲರ ಸೀರೆಯೂ ಕಪ್ಪಾಯಿತು.

ಎಂಟು ತಿಂಗಳಿಗೆ ಮೊದಲ ಬಲೆ ಬಿಟ್ಟರು. ಎಳೆಯಲು ಹದಿನಾರು ಹೆಂಗಸರೂ ಸಾಲಲಿಲ್ಲ. ತೋಳುದ್ದದ ಮೀನುಗಳು ಏರಿಯ ಮೇಲೆ ಬಂದು ಬಿದ್ದವು. ಕೊಳ್ಳಲು ಮೂರು ಊರಿನ ಜನ ಸಾಲು ನಿಂತರು. ಆ ಸಾಲಿನಲ್ಲಿ ಗುತ್ತಿಗೆದಾರನೂ ಚೀಲ ಹಿಡಿದು ನಿಂತಿದ್ದ. ಅವನ ಸರದಿ ಬಂದಾಗ ಹುಲಿಗೆಮ್ಮ ಒಳ್ಳೆಯ ಮೀನನ್ನೇ ಆರಿಸಿ ತಕ್ಕಡಿಗೆ ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗನ ಮುಖ ಅರಳಿತ್ತು.

“ಆ ಮೇಸ್ತ್ರಿಯನ್ನು ನೆನೆದರೆ ನಗು ಬರುತ್ತದೆ ಗುರುಗಳೇ,” ಎಂದ. “ಬೇಕಾದದ್ದು ಅವನ ಕೈಯಲ್ಲೇ ಇತ್ತು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಕಿ ನೋಡಿದ.”

“ಈ ನಾಲ್ಕು ವರ್ಷದಲ್ಲಿ ಅಣ್ಣನ ಮನೆಗೆ ನೀನೇ ಎಷ್ಟು ಸಲ ಹೋಗಿದ್ದೀಯ, ಬಸಲಿಂಗ?” ಎಂದರು ಗುರುಗಳು.