ಪ್ರಾಣಿಶಾಸ್ತ್ರದ ಬೆಂಚು

ಒಂದೂರಿನ ಸರ್ಕಾರಿ ಆಸ್ಪತ್ರೆಗೆ ಶ್ರೀಪತಯ್ಯ ಎಂಬ ಹೊಸ ಆಡಳಿತಾಧಿಕಾರಿ ಬಂದರು. ಅದುವರೆಗೆ ಗ್ರಂಥಾಲಯ ನೋಡಿಕೊಂಡಿದ್ದವರು. ಬಂದವರೇ ಹಿರಿಯ ನರ್ಸ್ ಜಲಜಾಕ್ಷಿಯನ್ನು ಕರೆಸಿದರು.

“ಲೋಕದ ಜ್ಞಾನವನ್ನೆಲ್ಲ ಹತ್ತು ಕಪಾಟಿನಲ್ಲಿ ಜೋಡಿಸಿದವನು ನಾನು. ಕಾಯಿಲೆಗೆ ಮಾತ್ರ ಡಾಕ್ಟರುಗಳದೇ ಬೇರೆ ವಿಂಗಡಣೆ ಯಾಕೆ? ನಾಳೆಯಿಂದ ರೋಗಿಗಳನ್ನೂ ಗ್ರಂಥಾಲಯದ ಹಾಗೆ ವಿಷಯವಾರು ಕೂರಿಸಿ. ಆಗದಿದ್ದರೆ ವರ್ಗಾವಣೆ!”

“ಆಗಲಿ ಸಾರ್,” ಎಂದಳು ಜಲಜಾಕ್ಷಿ.

ಮರುದಿನ ಬೆಂಚುಗಳಿಗೆ ಬೋರ್ಡು ಬಿದ್ದವು. ಮೈತುಂಬ ಗುಳ್ಳೆ ಎದ್ದು ‘ಅಮ್ಮ’ ಆದವರು ಧರ್ಮದ ಬೆಂಚಿಗೆ ಹೋದರು. ಸರ್ಪಸುತ್ತು, ನಾಯಿಕೆಮ್ಮು, ಆನೆಕಾಲಿನವರೆಲ್ಲ ಪ್ರಾಣಿಶಾಸ್ತ್ರದ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಡಾಕ್ಟರು ತಲೆ ಚಚ್ಚಿಕೊಂಡರು. ಶ್ರೀಪತಯ್ಯ ಮೀಸೆ ತಿರುವಿದರು.

ಕೆಲವೇ ದಿನಕ್ಕೆ ಅವರದೇ ಎರಡೂ ಕೆನ್ನೆ ಊದಿಕೊಂಡವು. ಡಾಕ್ಟರು ನೋಡಿ, “ಮಂಗನಬಾವು,” ಎಂದರು.

ಜಲಜಾಕ್ಷಿ ವಿನಯದಿಂದ ಕೈ ತೋರಿದಳು. “ಬನ್ನಿ ಸಾರ್, ಪ್ರಾಣಿಶಾಸ್ತ್ರ. ಮಂಗಗಳಿಗೆ ಆ ತುದಿ.”

ಬೆಂಚಿನವರೆಲ್ಲ ಸರಿದು ಜಾಗ ಬಿಟ್ಟರು.

“ನಾನೇನು ಮಂಗನೇನಮ್ಮ? ಇದು ಕೆನ್ನೆಯ ಗ್ರಂಥಿಗೆ ಬಂದ ಸೋಂಕು!”

“ಹಾಗನ್ನೋದು ಡಾಕ್ಟರ ವಿಂಗಡಣೆ ಸಾರ್. ಅದನ್ನ ತೆಗೆಸಿದೋರು ನೀವೇ ಅಲ್ವಾ?”

ಶ್ರೀಪತಯ್ಯ ಬೈಯಹೋದರು, ನೋವಿಗೆ ಬಾಯೇ ತೆರೆಯಲಿಲ್ಲ. ಕೆನ್ನೆ ಹಿಡಿದುಕೊಂಡೇ, ಎಲ್ಲ ಕಿತ್ತುಹಾಕಿ ಎಂದು ಬೋರ್ಡುಗಳತ್ತ ಕೈ ಬೀಸಿದರು. ಜಲಜಾಕ್ಷಿ ಅವರನ್ನು ಸೋಂಕಿನ ಕೋಣೆಗೆ ಕರೆದೊಯ್ಯುವಷ್ಟರಲ್ಲಿ, ಆನೆಕಾಲಿನ ಅಜ್ಜ ಎದ್ದು ಮೊದಲ ಬೋರ್ಡು ಕಿತ್ತಾಗಿತ್ತು.