ಅಧಿಕಾರಿಗೆ ಪರಿಚಯವಿದ್ದವನು

ಟಾಂಜಾನಿಯಾದ ಜುಮಾ ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಲು ಅರ್ಜಿ ತಂದಿದ್ದ. ಪಾಸ್‌ಪೋರ್ಟು, ಅಂಕಪಟ್ಟಿ ಎಲ್ಲ ಸರಿಯಾಗಿದ್ದವು. ಆದರೆ ವಿದೇಶಿ ವಿದ್ಯಾರ್ಥಿಗಳ ವಿಭಾಗದ ಅಧಿಕಾರಿ ನಂಜರಾಜಯ್ಯನವರು ದಿನಕ್ಕೊಂದು ತಪ್ಪು ಹುಡುಕಿ "ನಾಳೆ ಬಾ" ಎನ್ನುತ್ತಿದ್ದರು. ಸಾಲಿನಲ್ಲಿ ನಿಂತು ನಿಂತೇ ಜುಮಾ ಕನ್ನಡ ಕಲಿತುಬಿಟ್ಟ.

ಅರ್ಜಿ ಸಲ್ಲಿಸುವ ಕೊನೆಯ ದಿನ ಬಂತು. ಅಂದು ತಪ್ಪಿದರೆ ಅವನು ಊರಿಗೆ ವಾಪಸು ಹೋಗಬೇಕಿತ್ತು. ಅಧಿಕಾರಿ ಅರ್ಜಿಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದರು.

"ನಿನ್ನನ್ನು ಚೆನ್ನಾಗಿ ಬಲ್ಲ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ಈ ಊರಲ್ಲಿ ನಿನ್ನನ್ನು ಬಲ್ಲವರು ಯಾರಿದ್ದಾರೆ?"

"ನೀವೇ ಸರ್. ನೀವೂ ಗೆಜೆಟೆಡ್ ಅಲ್ಲವಾ?"

"ನಾನಾ? ನಿನ್ನ ಮುಖ ನೋಡಿದ ನೆನಪೇ ಇಲ್ಲ."

"ಹಾಗಾದರೆ ಎರಡು ತಿಂಗಳಿಂದ 'ನಾಳೆ ಬಾ' ಅಂತ ಹೇಳಿದ್ದು ಯಾರಿಗೆ ಸರ್? ನೋಡೇ ಇಲ್ಲ ಅಂತ ಬರೆದುಕೊಡಿ. ನಿಮ್ಮ ಕುರ್ಚಿಯಲ್ಲಿ ಇಷ್ಟು ದಿನ ಯಾರು ಕೂತಿದ್ದರು ಅಂತ ಕುಲಪತಿಗಳನ್ನೇ ಕೇಳ್ತೀನಿ."

ಸಾಲಿನಲ್ಲಿದ್ದವರು ನಕ್ಕರು. ಅಧಿಕಾರಿ ತಲೆ ಎತ್ತದೆ, "ಇವನನ್ನು ಚೆನ್ನಾಗಿ ಬಲ್ಲೆ" ಎಂದು ಬರೆದು ಸಹಿ ಹಾಕಿದರು.

ಜುಮಾ ಪಕ್ಕಕ್ಕೆ ಸರಿದ. ಹಿಂದಿದ್ದ ನೇಪಾಳದ ಹುಡುಗಿ ತನ್ನ ಅರ್ಜಿ ಮುಂದಿಟ್ಟಳು. "ಸರ್, ನಿಮಗೆ ನನ್ನ ಪರಿಚಯವೂ ಇದೆ."

ಸಂಜೆಯ ಹೊತ್ತಿಗೆ ಆ ಸಾಲಿನಲ್ಲಿ ನಂಜರಾಜಯ್ಯನವರಿಗೆ ಪರಿಚಯವಿಲ್ಲದವರು ಒಬ್ಬರೂ ಉಳಿದಿರಲಿಲ್ಲ.